ನೈಋತ್ಯದ ಮೂಲೆ ಸೈಟಿನಲ್ಲಿ ಪೂರ್ವದ ಬಾಗಿಲು

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಆ 30×40 ಸೈಟು ಆರು ವರ್ಷ ಖಾಲಿ ಬಿದ್ದಿತ್ತು. ಪಶ್ಚಿಮಕ್ಕೊಂದು ರಸ್ತೆ, ದಕ್ಷಿಣಕ್ಕೊಂದು ರಸ್ತೆ. ವಾಸ್ತು ನೋಡುವವರಿಗೆ ಆಗದ ನೈಋತ್ಯದ ಮೂಲೆ ಎಂದು ತಿಳಿದ ಕೂಡಲೇ ನೋಡಲು ಬಂದವರು ಕಾರಿನಿಂದ ಇಳಿಯದೆಯೇ ಹೊರಟುಹೋಗುತ್ತಿದ್ದರು. ಅದೇ ಈಶಾನ್ಯದ ಮೂಲೆಯಾಗಿದ್ದರೆ ನಮಗೆ ಸಿಗುವ ಮಾತೇ ಇರಲಿಲ್ಲ. ಮನೆಗಳ ನಕ್ಷೆ ಬರೆದು ಕಟ್ಟಿಸುವ ನನ್ನ ಮಾತು ನಂಬಿ ಅಕ್ಕ ಮತ್ತು ಭಾವ ಅದನ್ನು ಪಕ್ಕದ ಸೈಟಿಗಿಂತ ಸುಮಾರು ನಾಲ್ಕು ಲಕ್ಷ ಕಡಿಮೆಗೆ ಕೊಂಡರು. ಭಾವನ ತಾಯಿ ಮಾತ್ರ, "ಪೂರ್ವದ ಬಾಗಿಲಿಲ್ಲದ ಮನೆಗೆ ನಾನು ಕಾಲಿಡುವುದಿಲ್ಲಪ್ಪ" ಎಂದು ಮೊದಲ ದಿನವೇ ಹೇಳಿಬಿಟ್ಟರು. ಎರಡು ರಸ್ತೆಯಲ್ಲಿ ಒಂದೂ ಪೂರ್ವಕ್ಕಿಲ್ಲದ ಸೈಟಿನಲ್ಲಿ ಪೂರ್ವದ ಬಾಗಿಲು ಎಲ್ಲಿಂದ ಬರಬೇಕು? ನನಗಿಂತ ಹಿರಿಯರಾದ ಇಬ್ಬರು ಎಂಜಿನಿಯರುಗಳು ಆಗದು ಎಂದರು. ಮೇಸ್ತ್ರಿಯೂ ತಲೆಯಾಡಿಸಿದ.

ಮೂಲೆ ಮನೆಯ ಪಾಠ ನಾನು ಕಲಿತದ್ದು ಮೊದಲು ಕಟ್ಟಿದ ಇನ್ನೊಂದು ಮನೆಯಲ್ಲಿ, ದುಡ್ಡು ಕಳೆದುಕೊಂಡು. ಅಲ್ಲಿ ಒಂದು ರಸ್ತೆಯನ್ನು ಮುಂಭಾಗ, ಇನ್ನೊಂದನ್ನು ಪಕ್ಕ ಎಂದು ಲೆಕ್ಕ ಹಾಕಿ ನಕ್ಷೆ ಬರೆದಿದ್ದೆ. ನಕ್ಷೆ ಮರಳಿ ಬಂತು. ಮೂಲೆ ಸೈಟಿಗೆ ರಸ್ತೆ ಇರುವ ಎರಡೂ ಕಡೆ ಮುಂಭಾಗವೇ. ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗೆ ಖಾಲಿ ಬಿಡುವ ಜಾಗ) ಕೂಡ ಹಾಗೆಯೇ ಬಿಡಬೇಕು. ಇದು ನಮಗೆಲ್ಲ ಗೊತ್ತಿರುವ ನಿಯಮ. ಆದರೂ ಚಿಕ್ಕ ಸೈಟಿನಲ್ಲಿ ಎರಡಡಿ ಉಳಿಸುವ ಆಸೆಗೆ ಬಿದ್ದೆ, ಹೊಸ ನಕ್ಷೆಗೆ ಎರಡು ತಿಂಗಳು ಕಳೆದೆ. ಅಷ್ಟಕ್ಕೇ ಮುಗಿಯಲಿಲ್ಲ. ಮಾಲೀಕರ ಒತ್ತಾಯಕ್ಕೆ ಮೂಲೆಯಲ್ಲಿ ಐದಡಿ ಎತ್ತರದ ಕಾಂಪೌಂಡನ್ನು ಚೂಪಾಗಿ ನಿಲ್ಲಿಸಿದ್ದೆ. ಒಂದೇ ಮಳೆಗಾಲದಲ್ಲಿ ಎರಡು ಸ್ಕೂಟರು ಎದುರುಬದುರು ಡಿಕ್ಕಿ ಹೊಡೆದವು; ಅದೇ ವರ್ಷ ನೀರಿನ ಟ್ಯಾಂಕರಿನ ಹಿಂದಿನ ಚಕ್ರ ಗೋಡೆಯನ್ನೇ ಎಳೆದುಕೊಂಡು ಹೋಯಿತು. ಒಡೆದು ಕಟ್ಟಲು ನಲವತ್ತು ಸಾವಿರದ ಹತ್ತಿರ ಖರ್ಚಾಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಬೇರೆಯೇ: ಮೂಲೆಯಿಂದ ಎರಡೂ ಬದಿಗೆ 10 ಮೀಟರ್‌ವರೆಗೆ ಗೋಡೆ 0.75 ಮೀಟರ್ ಮಾತ್ರ, ಅದರ ಮೇಲೆ ಬೇಕಿದ್ದರೆ ಕಂಬಿ. ತಿರುವಿನಲ್ಲಿ ಬರುವವನ ಮುಖ ಕಾಣಬೇಕು, ಅಷ್ಟೇ ಅದರ ಉದ್ದೇಶ.

ಅಕ್ಕನ ಸೈಟಿನಲ್ಲಿ ಆ ತಪ್ಪುಗಳಿಗೆ ಜಾಗವಿರಲಿಲ್ಲ. 40 ಅಡಿಯ ಬದಿ ದಕ್ಷಿಣದ ರಸ್ತೆಗೆ. ಎರಡು ರಸ್ತೆಯ ಕಡೆ ಐದೈದು ಅಡಿ, ಮನೆಗಳ ಕಡೆ ಮೂರು ಮೂರು ಅಡಿ ಬಿಟ್ಟರೆ ಉಳಿದದ್ದು 32×22, ಅಂದರೆ ಸುಮಾರು 700 ಚದರಡಿ. ನಡುವಿನ ಸೈಟಾಗಿದ್ದರೆ ಅರವತ್ತು ಚದರಡಿ ಹೆಚ್ಚು ಸಿಗುತ್ತಿತ್ತು. ಕಾರು ಎಲ್ಲಿ? ಮೂಲೆ ಸೈಟಿನಲ್ಲಿ ಸೆಟ್‌ಬ್ಯಾಕ್ ಒಳಗೆ ಗ್ಯಾರೇಜು ಕಟ್ಟುವುದಾದರೆ ರಸ್ತೆಗಳು ಕೂಡುವ ಮೂಲೆಗೆ ಕರ್ಣದ ಎದುರು ಕಟ್ಟಬೇಕು. ಇಲ್ಲಿ ಅದು ಈಶಾನ್ಯ. ವಾಸ್ತುವಿನವರಿಗೆ ಅದು ದೇವಮೂಲೆ, ಅಲ್ಲಿ ಭಾರ ಕೂಡದು. ಮೂರಡಿಯ ಸಂದಿಯಲ್ಲಿ ಕಾರು ಅಲ್ಲಿಗೆ ಹೋಗುವುದೂ ಸಾಧ್ಯವಿಲ್ಲ.

ದಾರಿ ಹೊಳೆದದ್ದು ಇಲ್ಲಿಯೇ. ಗ್ಯಾರೇಜು ಕಟ್ಟುವುದನ್ನೇ ಬಿಟ್ಟೆ. ದಕ್ಷಿಣದ ರಸ್ತೆಯ ಪೂರ್ವ ತುದಿಯಲ್ಲಿ, ತಿರುವಿನಿಂದ ಆದಷ್ಟು ದೂರಕ್ಕೆ ಗೇಟು ಇಟ್ಟೆ. ಕಟ್ಟಡದ ಆಗ್ನೇಯ ಭಾಗದಲ್ಲಿ ಹತ್ತಡಿ ಅಗಲ, ಹದಿಮೂರು ಅಡಿ ಉದ್ದದ ಪೋರ್ಟಿಕೋ ಕೊರೆದೆ. ಮೇಲೆ ಮಲಗುವ ಕೋಣೆ, ಕೆಳಗೆ ಕಾರು. ಕಾರಿನ ಉಳಿದ ಐದಡಿಗೆ ತೆರೆದ ಸೆಟ್‌ಬ್ಯಾಕ್ ಇದೆ. ಆ ಪೋರ್ಟಿಕೋದ ಪಶ್ಚಿಮದ ಗೋಡೆಯಲ್ಲಿ ಮುಂಬಾಗಿಲು ಇಟ್ಟರೆ ಅದು ನೇರವಾಗಿ ಪೂರ್ವಕ್ಕೆ ತೆರೆಯುತ್ತದೆ! ನಕ್ಷೆ ತೋರಿಸಿದಾಗ ಭಾವನ ತಾಯಿ ದಿಕ್ಸೂಚಿ ತರಿಸಿ ನೋಡಿದರು. ನಕ್ಷೆಗೆ ಒಂದೇ ಸಲಕ್ಕೆ ಅನುಮತಿ ಬಂತು. ಆಗದು ಎಂದಿದ್ದ ಹಿರಿಯರಲ್ಲಿ ಒಬ್ಬರು ಮನೆಗೆ ಬಂದು ಅಳತೆ ಬರೆದುಕೊಂಡು ಹೋದರು. ಆ ದಿನದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಪೋರ್ಟಿಕೋದ ಹಿಂದೆ ಈಶಾನ್ಯದಲ್ಲಿ ದೇವರ ಕೋಣೆ ಮತ್ತು ಊಟದ ಜಾಗ. ಅಡುಗೆಮನೆ ವಾಯವ್ಯಕ್ಕೆ ಹೋಯಿತು. ಪಶ್ಚಿಮದ ಗೋಡೆಗೆ ಮೆಟ್ಟಿಲು, ಬಚ್ಚಲು, ಅಡುಗೆಮನೆಗಳನ್ನು ಸಾಲಾಗಿ ಇಟ್ಟೆ. ಸಂಜೆಯ ಬಿಸಿಲು ಅವಕ್ಕೆ ಬಡಿಯಲಿ, ಹಾಲಿಗೆ ಬೇಡ. ದಕ್ಷಿಣದ ಬಗ್ಗೆ ಅನೇಕರಿಗೆ ಅನಗತ್ಯ ಭಯವಿದೆ. ಮೈಸೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ದಕ್ಷಿಣದ ಗೋಡೆಗೆ ನೇರ ಬಿಸಿಲೇ ಇಲ್ಲ. ಡಿಸೆಂಬರಿನ ಮಧ್ಯಾಹ್ನದ ಬಿಸಿಲಿಗೆ ಎರಡಡಿ ಚಾಚಿದ ಸಜ್ಜಾ ಕಿಟಕಿಯ ಮೇಲಿನ ಎರಡೂಮುಕ್ಕಾಲು ಅಡಿಯನ್ನು ಕಾಯುತ್ತದೆ, ಉಳಿದದ್ದು ಚಳಿಗೆ ಒಳ್ಳೆಯದೇ.

ಪಶ್ಚಿಮದ ಗೋಡೆಯಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ: ಇಟ್ಟಿಗೆಯನ್ನು ಚಪ್ಪಟೆಯಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟಣೆ. ಮೇಸ್ತ್ರಿ ಮೊದಲ ಎರಡು ದಿನ ಕಟ್ಟಿದ್ದನ್ನು ಬಿಚ್ಚಿಸಬೇಕಾಯಿತು, ಕೂಲಿ ಹೋಯಿತು. ಕೈ ಕೂಡಿದ ಮೇಲೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯಿತು. ಏಪ್ರಿಲಿನ ಒಂದು ಸಂಜೆ ಮೆಟ್ಟಿಲಿನ ಬಳಿಗೂ ಹಾಲಿಗೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಕಂಡೆ. ಮೆಟ್ಟಿಲಿನ ಗೋಡೆಗೆ ತೂತುಗಳಿರುವ ಹೆಂಚಿನ ಜಾಲಿ ಇಟ್ಟು ನೈಋತ್ಯದ ಗಾಳಿಯನ್ನು ಒಳಗೆ ತಂದಿದ್ದೇನೆ. ಮೊದಲ ಮಳೆಗೆ ಮೆಟ್ಟಿಲೆಲ್ಲ ತೊಯ್ದು ಜಾಲಿಯನ್ನು ಕಿತ್ತು ಮತ್ತೆ ಕೂರಿಸಿದೆವು. ಈಗ ಗಾಳಿ ಬರುತ್ತದೆ, ಮಳೆ ಬರುವುದಿಲ್ಲ. ಕೂರಿಸಿದ ಓರೆ ಎಷ್ಟು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪಶ್ಚಿಮಕ್ಕೆ ಬಾಲ್ಕನಿ ಬೇಕೆಂದು ಅಕ್ಕನಿಗೆ ಬಹಳ ಆಸೆಯಿತ್ತು. ಆದರೆ ಆ ರಸ್ತೆಯಲ್ಲಿ 11 ಕೆವಿ (ಹನ್ನೊಂದು ಸಾವಿರ ವೋಲ್ಟಿನ) ವಿದ್ಯುತ್ ತಂತಿ ಹೋಗಿದೆ. ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಬೇಕು. ಮೂರಡಿ ಚಾಚಿದರೆ ಅದು ಉಳಿಯುವುದಿಲ್ಲ. ಇದರಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ಬಾಲ್ಕನಿ ದಕ್ಷಿಣಕ್ಕೆ ಬಂತು.

ಎರಡು ರಸ್ತೆಯ ಮಟ್ಟವೂ ಒಂದೇ ಇರಲಿಲ್ಲ, ಒಂಬತ್ತು ಇಂಚಿನ ವ್ಯತ್ಯಾಸ. ಪ್ಲಿಂತನ್ನು, ಅಂದರೆ ಮನೆಯ ನೆಲದ ಮಟ್ಟವನ್ನು, ಎತ್ತರದ ರಸ್ತೆಯ ನಡುಮಟ್ಟದಿಂದ ಎರಡೂವರೆ ಅಡಿ ಏರಿಸಿದೆ. ಮುಂದೆ ಡಾಂಬರು ಹಾಕಿದಷ್ಟೂ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ.

ಒಟ್ಟು 1,280 ಚದರಡಿಗೆ ಮೂವತ್ತು ಲಕ್ಷದ ಆಸುಪಾಸು ಖರ್ಚಾಯಿತು. ಎರಡು ಮುಖ ಕಾಣುವ ಮನೆಯಾದ್ದರಿಂದ ಗಾರೆ, ಬಣ್ಣ, ಗ್ರಿಲ್ಲು, ಕಾಂಪೌಂಡಿಗೆ ಒಂದೂಮುಕ್ಕಾಲು ಲಕ್ಷ ಹೆಚ್ಚು ಹೋಯಿತು. ಸೈಟಿನಲ್ಲಿ ಉಳಿದ ನಾಲ್ಕು ಲಕ್ಷದ ಮುಂದೆ ಅದು ದೊಡ್ಡದಲ್ಲ.

ಮೂಲೆಯಲ್ಲಿ ಕಸ ಸುರಿಯುವವರ ಕಾಟ ಉಳಿದಿತ್ತು. ದೀಪ ಹಾಕಿದೆವು, ನಿಲ್ಲಲಿಲ್ಲ. ಇಲ್ಲಿ ಕಾಂಪೌಂಡನ್ನು ಮೂಲೆಯಲ್ಲಿ ಚೂಪಾಗಿಸದೆ ಐದಡಿ ಓರೆಯಾಗಿ ಒಳಗೆಳೆದಿದ್ದೆವು; ಕೊನೆಗೆ ಆ ಓರೆಗೆ ಒಳಬದಿಯಿಂದ ಅಂಟಿಸಿ ಎರಡು ಕಲ್ಲುಚಪ್ಪಡಿಯ ಜಗಲಿ ಮಾಡಿಸಿದೆ. ಭಾವನ ತಾಯಿ ಬೆಳಿಗ್ಗೆ ಅಲ್ಲಿ ಕುಳಿತು ಹೂ ಕಟ್ಟುತ್ತಾರೆ. ಗೋಡೆ ಮೊಣಕಾಲೆತ್ತರಕ್ಕಿಂತ ಸ್ವಲ್ಪವೇ ಮೇಲಿರುವುದರಿಂದ ಎರಡೂ ರಸ್ತೆ ಅವರ ಕಣ್ಣೆದುರಿಗಿದೆ. ಕಸದ ಚೀಲ ಹಿಡಿದವರು ಈಗ ಆ ಕಡೆ ಬರುವುದಿಲ್ಲ.

ಅದೇ ರಸ್ತೆಯ ಇನ್ನೊಂದು ತುದಿಯ ಆಗ್ನೇಯ ಮೂಲೆ ಸೈಟಿನವರು ಹೋದ ತಿಂಗಳು ಬಂದರು. ಅಲ್ಲಿ ಪೂರ್ವದ ಬಾಗಿಲು ಸುಲಭ. ಆದರೆ ಗೇಟು ಬರಬೇಕಾದ ಜಾಗದಲ್ಲೇ ವಿದ್ಯುತ್ ಕಂಬ ನಿಂತಿದೆ, ಅದನ್ನು ಸರಿಸಲು ಅರ್ಜಿ ಕೊಟ್ಟಿದ್ದೇವೆ.