ಹಳೆ ಮೊಬೈಲ್ ಚಾರ್ಜರಿನಿಂದ ಮಾವನವರ ರೇಡಿಯೊ ಸೆಲ್ಲಿಗೆ ಚಾರ್ಜರ್

ನಮ್ಮ ಮಾವನವರಿಗೆ ಬೆಳಗ್ಗೆ ಭದ್ರಾವತಿ ಆಕಾಶವಾಣಿ ಹಚ್ಚದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಕಾಟನ್ ಮಿಲ್ಲಿನಲ್ಲಿ ಪಾಳಿ ಮಾಡುತ್ತಿದ್ದ ಕಾಲದ ರೂಢಿ. ರೇಡಿಯೊಗೆ ಎರಡು ಪೆನ್ಸಿಲ್ ಸೆಲ್, ಟಾರ್ಚಿಗೆ ಎರಡು (ನಮ್ಮ ಕಡೆ ಹಿರಿಯರು ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ), ಅತ್ತೆಯ ಬಿಪಿ ಮಷಿನ್ನಿಗೆ ನಾಲ್ಕು. "ಮತ್ತೆ ಗೊರಗೊರ ಅಂತೈತೆ ನೋಡಮ್ಮ" ಎಂದು ಮಾವ ಕರೆದರೆ ಸೆಲ್ ಮುಗಿಯಿತು ಅಂತಲೇ ಅರ್ಥ. ನಿಟುವಳ್ಳಿಯ ನಮ್ಮ ಮನೆಯಲ್ಲಿ ಖಾಲಿ ಸೆಲ್ಲುಗಳೇ ಒಂದು ಡಬ್ಬಿ ತುಂಬಿದ್ದವು.

ರೀಚಾರ್ಜ್ ಆಗುವ ಸೆಲ್ ನಾಲ್ಕು, ಜೊತೆಗೊಂದು ಅಗ್ಗದ ಚಾರ್ಜರ್ ತಂದೆ. ಎರಡೇ ತಿಂಗಳಿಗೆ ಒಂದು ಸೆಲ್ಲಿನ ತುದಿಯಲ್ಲಿ ಬಿಳಿ ಉಪ್ಪು ಕೂತಿತು. ಒಳಗಿನ ಕ್ಷಾರ ಸೋರಿ ಗಾಳಿಗೆ ಒಣಗಿದರೆ ಹಾಗಾಗುತ್ತದೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ನಾನು, ಸುಮ್ಮನಿರಲು ಆಗಲಿಲ್ಲ, ಬಿಚ್ಚಿ ನೋಡಿದೆ. ಮನೆಯ ಲೈನಿನಿಂದ ಸೆಲ್ಲನ್ನು ಬೇರೆಯಾಗಿಡುವ ಟ್ರಾನ್ಸ್‌ಫಾರ್ಮರೇ ಇಲ್ಲ. ಒಂದು ಕೆಪಾಸಿಟರ್, ಡಯೋಡುಗಳು, ಅಷ್ಟೇ. ಸೆಲ್ಲಿನ ತಗಡು ನೇರವಾಗಿ 230 ವೋಲ್ಟಿನ ಲೈನಿಗೆ ಅಂಟಿಕೊಂಡಿತ್ತು. ಚಾರ್ಜ್ ಆಗುತ್ತಿರುವಾಗ ಮಾವ ಒದ್ದೆ ಕೈಯಲ್ಲಿ ಮುಟ್ಟಿದ್ದರೆ! ಅವತ್ತೇ ಅದನ್ನು ಎಸೆದೆ. ಅದರಲ್ಲಿ ಇನ್ನೊಂದು ದೋಷವೂ ಇತ್ತು: ಎರಡೆರಡು ಸೆಲ್ ಒಂದರ ಹಿಂದೊಂದು ಸೇರಿ ಚಾರ್ಜ್ ಆಗುತ್ತಿದ್ದವು. ಒಂದು ತುಂಬಿ ಬಿಸಿಯಾಗುತ್ತಿದ್ದರೂ ಇನ್ನೊಂದು ಅರೆ ಹೊಟ್ಟೆಯಲ್ಲೇ ಇರುತ್ತಿತ್ತು.

ಹಾಗಾಗಿ ನಾನೇ ಮಾಡುವಾಗ ಎರಡು ವಿಷಯ ಗಟ್ಟಿ ಮಾಡಿಕೊಂಡೆ. 230 ವೋಲ್ಟಿನ ಕಡೆ ಕೈ ಹಾಕುವುದಿಲ್ಲ, ಮತ್ತು ಪ್ರತಿ ಸೆಲ್ಲಿಗೂ ಬೇರೆ ದಾರಿ. ಮೊದಲನೆಯದಕ್ಕೆ ಮನೆಯಲ್ಲೇ ಬಿದ್ದಿದ್ದ ಹಳೆ ಮೊಬೈಲ್ ಚಾರ್ಜರ್ ಸಿಕ್ಕಿತು. 5 ವೋಲ್ಟ್, 1 ಆಂಪ್, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇದ್ದದ್ದು. ಕೇಬಲ್ ತುದಿ ಕತ್ತರಿಸಿದರೆ ಕೆಂಪು ಪ್ಲಸ್, ಕಪ್ಪು ಮೈನಸ್. ಹಸಿರು, ಬಿಳಿ ತಂತಿ ಬೇಕಿಲ್ಲ, ಅವುಗಳ ತುದಿಗೆ ಟೇಪ್ ಸುತ್ತಿ ಬಿಟ್ಟೆ. ಅಗ್ಗದ ಕೇಬಲ್ಲುಗಳು ಬಣ್ಣದ ನಿಯಮ ಪಾಲಿಸುವುದಿಲ್ಲ, ಆದ್ದರಿಂದ ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗಿ.

ಈಗ ಲೆಕ್ಕ. ಇಡೀ ಕೆಲಸದಲ್ಲಿ ತಲೆ ಕೊಡಬೇಕಾದ ಜಾಗ ಇದೊಂದೇ. ನನ್ನವು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು, ಮೈಮೇಲೆ 1.2 ವೋಲ್ಟ್, 2000 ಮಿಲಿಆಂಪ್ ಅವರ್ (ಇದು ಸೆಲ್ಲಿನ ಸಾಮರ್ಥ್ಯ) ಎಂದಿದೆ. ಸೆಲ್ ತುಂಬಿದ ಮೇಲೂ ಕರೆಂಟ್ ಹರಿಯುತ್ತಿದ್ದರೆ ಒಳಗೆ ಆಮ್ಲಜನಕ ಹುಟ್ಟುತ್ತದೆ. ನಿಧಾನವಾಗಿ ಹರಿದರೆ ಆ ಅನಿಲ ಒಳಗೇ ಮತ್ತೆ ಸೇರಿಹೋಗಿ ಬರೀ ಉಗುರುಬೆಚ್ಚನೆಯ ಶಾಖವಾಗುತ್ತದೆ. ಜೋರಾಗಿ ಹರಿದರೆ ಒತ್ತಡ ಹೆಚ್ಚಿ ಸೆಲ್ ಬಾಯಿ ಬಿಡುತ್ತದೆ, ಆ ಬಿಳಿ ಉಪ್ಪು ಬಂದದ್ದು ಹೀಗೆಯೇ. ತಾನಾಗಿ ನಿಲ್ಲಿಸುವ ಸರ್ಕ್ಯೂಟ್ ಇಲ್ಲದ ಚಾರ್ಜರಿಗೆ ಸಾಮರ್ಥ್ಯದ ಹತ್ತರಲ್ಲೊಂದು ಭಾಗ ಕರೆಂಟ್ ಸಾಕು, ಅಂದರೆ ಸುಮಾರು 200 ಮಿಲಿಆಂಪ್.

ಪ್ರತಿ ಸೆಲ್ಲಿನ ದಾರಿಯಲ್ಲಿ ಕರೆಂಟಿಗೆ ಕಡಿವಾಣ ಹಾಕುವ ಒಂದು ರೆಸಿಸ್ಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ. ಐದು ವೋಲ್ಟಿನಲ್ಲಿ ಡಯೋಡ್ ಮುಕ್ಕಾಲು ವೋಲ್ಟ್ ನುಂಗುತ್ತದೆ, ಚಾರ್ಜ್ ಆಗುತ್ತಿರುವ ಸೆಲ್ ಸುಮಾರು 1.4 ವೋಲ್ಟ್ ತೋರಿಸುತ್ತದೆ. ಉಳಿದ 2.85 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಅದನ್ನು 15 ಓಮ್‌ನಿಂದ ಭಾಗಿಸಿದರೆ 190 ಮಿಲಿಆಂಪ್. ಸರಿಹೋಯಿತು. ರೆಸಿಸ್ಟರಿನಲ್ಲಿ ಅರ್ಧ ವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖ ಹುಟ್ಟುತ್ತದೆ, ಆದ್ದರಿಂದ 2 ವ್ಯಾಟಿನದ್ದೇ ಹಾಕಿದೆ. ಕಾಲು ವ್ಯಾಟಿನದ್ದು ಹಾಕಿದರೆ ಸುಟ್ಟು ಕರಕಾಗುತ್ತದೆ. ನಾಲ್ಕು ಸೆಲ್ ಸೇರಿ 760 ಮಿಲಿಆಂಪ್, 1 ಆಂಪ್ ಚಾರ್ಜರ್ ನಿರಾಳವಾಗಿ ಕೊಡುತ್ತದೆ.

ತಂದದ್ದು ಇಷ್ಟು: 15 ಓಮ್ ರೆಸಿಸ್ಟರ್ ನಾಲ್ಕು, 1ಎನ್4007 ಡಯೋಡ್ ನಾಲ್ಕು, ಸೆಲ್ ಹೋಲ್ಡರ್. ಹೋಲ್ಡರಿನಲ್ಲಿ ನಾನು ಎಡವಿದೆ. ನಾಲ್ಕು ಸೆಲ್ಲಿನ ಒಂದೇ ಹೋಲ್ಡರ್ ತಂದಿದ್ದೆ, ಅದರ ಒಳಗೆ ನಾಲ್ಕೂ ಒಂದರ ಹಿಂದೊಂದು, ಅಂದರೆ ಸೀರೀಸ್‌ನಲ್ಲಿ ಸೇರಿರುತ್ತವೆ. ನಾಲ್ಕು ಸೆಲ್ಲಿನ 5.6 ವೋಲ್ಟಿನ ಎದುರು 5 ವೋಲ್ಟಿನ ಆಟ ನಡೆಯುವುದಿಲ್ಲ. ಮತ್ತೆ ಹೋಗಿ ಒಂದೊಂದು ಸೆಲ್ಲಿನ ಹೋಲ್ಡರ್ ನಾಲ್ಕು ತಂದೆ. ಪ್ರತಿ ಹೋಲ್ಡರಿಗೆ ಕೆಂಪು ತಂತಿಯಿಂದ ರೆಸಿಸ್ಟರ್, ಅದರಿಂದ ಡಯೋಡ್, ಡಯೋಡಿನ ಬಿಳಿ ಗೆರೆ ಇರುವ ಕಡೆ ಸೆಲ್ಲಿನ ಪ್ಲಸ್ಸಿಗೆ. ಸೆಲ್ಲಿನ ಮೈನಸ್ ಎಲ್ಲಾ ಒಟ್ಟಿಗೆ ಕಪ್ಪು ತಂತಿಗೆ. ಎಲ್ಲವನ್ನೂ ಒಂದು ಹಲಗೆ ತುಂಡಿನ ಮೇಲೆ ಸ್ಕ್ರೂ ಹೊಡೆದು ಕೂರಿಸಿದೆ. ರೆಸಿಸ್ಟರ್ ಮರಕ್ಕೆ ತಾಗದಂತೆ ಬೆರಳ ದಪ್ಪ ಎತ್ತರದಲ್ಲಿ ನಿಲ್ಲಿಸಿದೆ. ಕರೆಂಟ್ ಅಳೆಯಲು ತಂತಿ ಬಿಡಿಸಬೇಕಿಲ್ಲ. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಇಟ್ಟು, ಬಂದ ವೋಲ್ಟನ್ನು 15ರಿಂದ ಭಾಗಿಸಿದರೆ ಸಾಕು. ನನಗೆ 2.9 ವೋಲ್ಟ್ ಬಂತು.

ಆಮೇಲೆ ಪ್ರತಿ ರೆಸಿಸ್ಟರಿನ ಎರಡು ತುದಿಯ ನಡುವೆ 220 ಓಮಿನ ಇನ್ನೊಂದು ರೆಸಿಸ್ಟರ್, ಅದರ ಹಿಂದೆ ಕೆಂಪು ಎಲ್‌ಇಡಿ ಸೇರಿಸಿದೆ. ಸೆಲ್ಲಿನ ಎರಡೂ ತುದಿ ಹೋಲ್ಡರಿಗೆ ತಾಗಿದ್ದರೆ ಮಾತ್ರ ಅದು ಉರಿಯುತ್ತದೆ (ಸೆಲ್ ತಿರುಗುಮುರುಗಾಗಿ ಕೂತರೂ ಉರಿಯುತ್ತದೆ). ಮಾವ ಕೇಳಿದರು: "ತುಂಬಿದ ಮೇಲೆ ಆರ್ತೈತೇನಮ್ಮ?" ಆರುವುದಿಲ್ಲ. ಇದು ಗಡಿಯಾರ ನೋಡಿ ತೆಗೆಯಬೇಕಾದ ಚಾರ್ಜರ್. ಪೂರ್ತಿ ಖಾಲಿ ಸೆಲ್ಲಿಗೆ 15 ತಾಸು ಹಿಡಿಯುತ್ತದೆ, ಏಕೆಂದರೆ ಹಾಕಿದ್ದೆಲ್ಲ ಸೆಲ್ಲಿನಲ್ಲಿ ಉಳಿಯುವುದಿಲ್ಲ, ಒಂದೂವರೆ ಪಟ್ಟಿನಷ್ಟು ಹಾಕಬೇಕು. ನಡುವೆ ಕರೆಂಟ್ ಹೋದರೆ ಆ ತಾಸುಗಳನ್ನು ಲೆಕ್ಕದಿಂದ ಬಿಡುತ್ತೇವೆ. ಕರೆಂಟ್ ಇಲ್ಲದಾಗ ಸೆಲ್ ವಾಪಸ್ ಚಾರ್ಜರಿನೊಳಗೆ ಸೋರದಂತೆ ಡಯೋಡ್ ತಡೆಯುತ್ತದೆ. ಸೆಲ್ ಕೈಗೆ ಬೆಚ್ಚಗೆ ಹತ್ತಿದರೆ ಹೆದರಬೇಡಿ. ಹಿಡಿಯಲಾಗದಷ್ಟು ಸುಟ್ಟರೆ ಕೂಡಲೇ ಪ್ಲಗ್ ಕೀಳಿ.

ದಯವಿಟ್ಟು ಇದರಲ್ಲಿ ಬೇರೆ ಸೆಲ್ ಹಾಕಬೇಡಿ. ಬಳಸಿ ಎಸೆಯುವ ಜಿಂಕ್, ಆಲ್ಕಲೈನ್ ಸೆಲ್ ಸೋರುತ್ತವೆ, ಒಡೆಯಲೂಬಹುದು. ಅದಕ್ಕಿಂತ ಅಪಾಯದ್ದು ಲಿಥಿಯಂ. ಪೆನ್ಸಿಲ್ ಸೆಲ್ಲಿನ ಅಳತೆಯಲ್ಲೇ 3.7 ವೋಲ್ಟಿನ ಲಿಥಿಯಂ ಸೆಲ್ ಕೂಡ ಬರುತ್ತದೆ, ನೋಡಲು ಅಚ್ಚು ಹಾಗೇ ಇರುತ್ತದೆ. ಅದಕ್ಕೆ ವೋಲ್ಟನ್ನು ಕರಾರುವಾಕ್ಕಾಗಿ ಹಿಡಿದಿಡುವ ಚಾರ್ಜರೇ ಬೇಕು, ತಪ್ಪಿದರೆ ಬೆಂಕಿ. ಹಾಕುವ ಮುಂಚೆ ಮೈಮೇಲಿನ ಅಕ್ಷರ ಓದಿ, 1.2 ವೋಲ್ಟ್ ಎಂದಿದ್ದರೆ ಮಾತ್ರ ಹಾಕಿ. ತೆಳು ಪೆನ್ಸಿಲ್ ಸೆಲ್ಲಿನ ಸಾಮರ್ಥ್ಯ 800 ಮಿಲಿಆಂಪ್ ಅವರ್ ಇದ್ದರೆ 15ರ ಬದಲು 39 ಓಮ್ ಬೇಕಾಗುತ್ತದೆ.

ಬಿಪಿ ಮಷಿನ್ನಿಗೆ ಮಾತ್ರ ಇವನ್ನು ಹಾಕಲಿಲ್ಲ. ಅದರ ಕೈಪಿಡಿ ಆಲ್ಕಲೈನ್ ಎಂದೇ ಹೇಳುತ್ತದೆ, ಅತ್ತೆಯ ಮಾತ್ರೆ ಆ ಅಂಕಿಯ ಮೇಲೆ ನಿಂತಿದೆ. ಗೋಡೆ ಗಡಿಯಾರಕ್ಕೂ ಬೇಡ, ಅದು ತಿನ್ನುವುದಕ್ಕಿಂತ ಹೆಚ್ಚು ಈ ಸೆಲ್ ಸುಮ್ಮನೆ ಕೂತೇ ಕಳೆದುಕೊಳ್ಳುತ್ತದೆ.

ಸೆಲ್ಲುಗಳ ಮೇಲೆ ಮಾರ್ಕರಿನಲ್ಲಿ 1, 2, 3, 4 ಎಂದು ಬರೆದಿದ್ದೇನೆ. ಒಂದು ಎರಡು ರೇಡಿಯೊಗೆ, ಮೂರು ನಾಲ್ಕು ಟಾರ್ಚಿಗೆ, ಜೋಡಿ ಬದಲಿಸುವುದಿಲ್ಲ. ಹಲಗೆಯ ಪಕ್ಕದ ಕ್ಯಾಲೆಂಡರಿನಲ್ಲಿ ಈಗ ಮಾವನವರೇ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ: "ಸಂಜೆ 5ಕ್ಕೆ ಹಾಕಿದ್ದು. ಬೆಳಗ್ಗೆ 8ಕ್ಕೆ ತೆಗೆಯುವುದು."