ಸ್ಪೋರ್ಟ್ಸ್ ಕಾರಿಗೆ ಕಂಫರ್ಟ್ ಸೀಟೋ, ಬಕೆಟ್ ಸೀಟೋ?

ಶೋರೂಮಿನಲ್ಲಿ ಎರಡು ನಿಮಿಷ ಕೂತು ಸೀಟು ಆರಿಸಬೇಡಿ. ಮೈಯನ್ನು ಎರಡೂ ಪಕ್ಕದಿಂದ ಬಿಗಿಯಾಗಿ ಹಿಡಿಯುವ ಬಕೆಟ್ ಸೀಟಿನ ತೊಂದರೆ ಗೊತ್ತಾಗುವುದೇ ಅರ್ಧ ಗಂಟೆಯ ನಂತರ. ತೊಡೆ ಪಕ್ಕದ ಉಬ್ಬು ಒತ್ತಿ ಕಾಲು ಜೋಮು ಹಿಡಿಯುತ್ತದೆ, ಸೊಂಟದ ಹಿಂದೆ ಟೊಳ್ಳು ಉಳಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಫಿಕ್ಸೆಡ್ ಬಕೆಟ್‌ನಲ್ಲಿ ಬೆನ್ನನ್ನು ಮಾತ್ರ ವಾಲಿಸಲು ಬರುವುದಿಲ್ಲ. ಹಾಗಾಗಿ ಅಳತೆಯೇ ಮುಖ್ಯ: ಸೊಂಟದ ಎರಡೂ ಪಕ್ಕ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಿದರೆ ಸೀಟು ದೊಡ್ಡದಾಯಿತು. ಟ್ರ್ಯಾಕಿಗೆ ಹೋಗುವವರು ಹೆಲ್ಮೆಟ್ ಹಾಕಿಕೊಂಡೇ ಕೂತು ನೋಡಿ. ತಲೆ ಮೇಲ್ಛಾವಣಿಗೆ ತಾಗಬಾರದು.

ಹತ್ತಿಳಿಯುವಾಗ ಬಾಗಿಲ ಕಡೆಯ ಉಬ್ಬಿನ ಮೇಲೆ ಭಾರ ಹಾಕಬೇಡಿ, ಮೊದಲು ಸವೆದು ಹರಿಯುವುದು ಅದೇ.

ಕಂಪನಿ ಸೀಟು ತೆಗೆದು ಬೇರೆ ಹಾಕುವವರಿಗೆ: ಸೈಡ್ ಏರ್‌ಬ್ಯಾಗ್ ಹೆಚ್ಚಾಗಿ ಸೀಟಿನೊಳಗೇ ಇರುತ್ತದೆ, ಸೀಟಿನ ಜೊತೆ ಅದೂ ಹೋಗುತ್ತದೆ, ಡ್ಯಾಶ್‌ನಲ್ಲಿ ಎಚ್ಚರಿಕೆ ದೀಪವೂ ಹತ್ತುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಮುಟ್ಟಿ. ಎಫ್‌ಐಎ (ಅಂತರರಾಷ್ಟ್ರೀಯ ಕಾರ್ ರೇಸಿಂಗ್ ಸಂಸ್ಥೆ) 8855-1999 ಲೇಬಲ್ಲಿನ ರೇಸಿಂಗ್ ಸೀಟಿಗೆ ತಯಾರಾದ ವರ್ಷದಿಂದ 5 ವರ್ಷದ ಆಯಸ್ಸು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ತಪ್ಪದೆ ನೋಡಿ. ರೋಲ್ ಬಾರ್ (ಕಾರು ಮಗುಚಿದಾಗ ಒಳಗಿನವರನ್ನು ಕಾಯುವ ಲೋಹದ ಕಮಾನು) ಇಲ್ಲದ ಕಾರಿಗೆ ಹಾರ್ನೆಸ್, ಅಂದರೆ ಎರಡೂ ಭುಜ ಬಿಗಿಯುವ ರೇಸಿಂಗ್ ಬೆಲ್ಟ್, ಬೇಡವೇ ಬೇಡ. ಕಾರು ಮಗುಚಿ ಛಾವಣಿ ಕುಸಿದರೆ ದೇಹ ಪಕ್ಕಕ್ಕೆ ವಾಲಲು ಹಾರ್ನೆಸ್ ಬಿಡುವುದಿಲ್ಲ.

ಹೆಚ್ಚು ಓಡಾಟ ರಸ್ತೆಯಲ್ಲೇ ಆದರೆ, ಪಕ್ಕದ ಉಬ್ಬು ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪೋರ್ಟ್ಸ್ ಸೀಟನ್ನೇ ತಗೊಳ್ಳಿ.