ಕಾರವಾರದ ಮಳೆಗಾಲದಲ್ಲೂ ಕೆಲಸ ಮಾಡುವ ವಿದ್ಯುದ್ದರ್ಶಕ

ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎತ್ತುತ್ತದೆ ಎನ್ನುತ್ತದೆ ಪಠ್ಯಪುಸ್ತಕ. ಜನವರಿಯ ಚಳಿಗೆ ಶಿರಸಿಯಲ್ಲಿ ಎತ್ತುತ್ತದೆ, ಸರಿ. ಜುಲೈ ತಿಂಗಳಲ್ಲಿ ಕಾರವಾರದ ಕಡಲಂಚಿನ ಮನೆಯಲ್ಲಿ ಕೈ ಸೋಲುವಷ್ಟು ತಿಕ್ಕಿದರೂ ಒಂದು ಚೂರು ಮೇಲೇಳುವುದು ಕಷ್ಟ. ಪ್ರಯೋಗವನ್ನು ಕಣ್ಣಾರೆ ಕಾಣದೆ ಉತ್ತರ ಬರೆದು ಅಂಕ ಗಿಟ್ಟಿಸುವುದು ಹೀಗೇ ರೂಢಿಯಾಗಿದೆ. ಮಳೆಗಾಲದಲ್ಲೂ ಕಣ್ಣಾರೆ ಕಾಣಲು ಇಲ್ಲೊಂದು ವಿದ್ಯುದ್ದರ್ಶಕ ಮಾಡೋಣ, ಅಂದರೆ ತಿಕ್ಕಿದ ವಸ್ತುವಿನಲ್ಲಿ ವಿದ್ಯುದಾವೇಶ (ಚಾರ್ಜ್) ಇದೆಯೇ ಎಂದು ತೋರಿಸುವ ಉಪಕರಣ.

ತೇವದ ಗಾಳಿ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಆದರೆ ಅಸಲಿ ಕಳ್ಳ ಗಾಳಿಯಲ್ಲ, ವಸ್ತುವಿನ ಮೈಗೆ ಅಂಟಿ ಕೂರುವ ತೆಳು ನೀರಿನ ಪೊರೆ. ಕರಾವಳಿಯಲ್ಲಿ ಅದಕ್ಕೆ ಉಪ್ಪೂ ಸೇರುತ್ತದೆ. ಸಾಣಿಕಟ್ಟಾದ ಉಪ್ಪು ಆಷಾಢದಲ್ಲಿ ಭರಣಿಯೊಳಗೇ ನೀರೊಡೆಯುತ್ತದಲ್ಲ, ಕಾರಣ ಅದೇ: ಗಾಳಿಯ ಆರ್ದ್ರತೆ ಶೇ. 75ರ ಆಸುಪಾಸು ದಾಟಿತೆಂದರೆ ಉಪ್ಪು ತೇವ ಹೀರಿ ಕರಗತೊಡಗುತ್ತದೆ. ಕಡಲ ಗಾಳಿ ತಂದು ಅಂಟಿಸಿದ ಉಪ್ಪಿನ ಕಣಗಳೂ ಗಾಜಿನ ಮೇಲೆ ಇದನ್ನೇ ಮಾಡುತ್ತವೆ. ಉಪ್ಪುನೀರಿನ ಪೊರೆ ಹಬ್ಬಿದ ಮೇಲೆ ಆವೇಶ ನಿಲ್ಲುವುದೆಲ್ಲಿ?

ಹಾಗಾಗಿ ಉಪಕರಣ ಮಾಡುವುದಕ್ಕಿಂತ ತೊಳೆದು ಒಣಗಿಸುವುದೇ ಇಲ್ಲಿ ಮುಖ್ಯ ಕೆಲಸ.

ಬೇಕಾಗುವುದು: ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಬಾಟಲಿ, ಗೇಣುದ್ದದ ತಾಮ್ರದ ತಂತಿ, ಅಲ್ಯೂಮಿನಿಯಂ ಫಾಯಿಲ್, ಮೇಣದಬತ್ತಿ, ವೈರಿಂಗಿಗೆ ಬಳಸುವ ಪಿವಿಸಿ ಪೈಪಿನ ತುಂಡು, ಉಣ್ಣೆ ಬಟ್ಟೆ.

ಬಾಟಲಿ, ಮುಚ್ಚಳ, ಪೈಪು ಮೂರನ್ನೂ ಸಾಬೂನಿನಿಂದ ತೊಳೆದು, ಕೊನೆಗೆ ಹಿಡಿದಿಟ್ಟ ಮಳೆನೀರಿನಲ್ಲಿ ಜಾಲಿಸಿ. ಬಾವಿ ನೀರು ಬೇಡ, ಅದರ ಲವಣ ಗಾಜಿನ ಮೇಲೇ ಉಳಿಯುತ್ತದೆ. ಹೇರ್ ಡ್ರೈಯರ್ ಇದ್ದರೆ ಅದರಿಂದ ಒಣಗಿಸಿ. ಘಟ್ಟದ ಮೇಲಿನವರು ಬಚ್ಚಲ ಒಲೆಯ ಬಳಿ ಇಡಬಹುದು, ಆದರೆ ಹೊಗೆ ತಾಗದಷ್ಟು ದೂರದಲ್ಲಿ. ಮಸಿಯೂ ವಾಹಕವೇ.

ಮುಚ್ಚಳದ ನಡುವೆ ಹೆಬ್ಬೆರಳು ತೂರುವಷ್ಟು ತೂತು ಮಾಡಿ. ತಂತಿಯನ್ನು ಅದರ ಮಧ್ಯದಲ್ಲಿ ನಿಲ್ಲಿಸಿ ಸುತ್ತ ಮೇಣ ಕರಗಿಸಿ ತುಂಬಿ. ರಟ್ಟು ಅಥವಾ ಬೆಂಡು ಸಾಲದು, ಎರಡೂ ತೇವ ಹೀರುತ್ತವೆ. ಮೇಣದ ಮೇಲೆ ನೀರು ಹನಿಯಾಗಿ ಉರುಳುತ್ತದೆ, ಹರಡಿ ಪೊರೆಯಾಗುವುದಿಲ್ಲ. ಇಡೀ ಉಪಕರಣದ ಜೀವ ಇರುವುದು ಈ ಮೇಣದಲ್ಲೇ.

ತಂತಿಯ ಕೆಳತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಮೂರು ಸೆಂಟಿಮೀಟರ್ ಉದ್ದದ ಎರಡು ಫಾಯಿಲ್ ಪಟ್ಟಿಗಳನ್ನು ಸಡಿಲವಾಗಿ ನೇತುಹಾಕಿ. ಮೇಲ್ತುದಿಗೆ ಫಾಯಿಲ್ ಉಂಡೆ ಸಿಕ್ಕಿಸಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

ಈಗ ಒಣ ಉಣ್ಣೆಯಿಂದ ಪೈಪನ್ನು ಚೆನ್ನಾಗಿ ತಿಕ್ಕಿ ಉಂಡೆಯ ಹತ್ತಿರ ತನ್ನಿ, ಮುಟ್ಟಿಸಬೇಡಿ. ಪಟ್ಟಿಗಳು ಅಗಲುತ್ತವೆ, ಪೈಪು ತೆಗೆದರೆ ಕೂಡಿಕೊಳ್ಳುತ್ತವೆ. ಹೀಗೆ ಮುಟ್ಟದೆಯೇ, ಹತ್ತಿರ ಬಂದ ಆವೇಶದಿಂದಾಗುವ ಪರಿಣಾಮವೇ ಪ್ರೇರಣೆ. ಪೈಪನ್ನು ಉಂಡೆಗೆ ಸವರಿದರೆ ಎರಡೂ ಪಟ್ಟಿಗಳಿಗೆ ಒಂದೇ ಬಗೆಯ ಆವೇಶ, ಅಂದರೆ ಋಣಾವೇಶ (ನೆಗೆಟಿವ್ ಚಾರ್ಜ್) ಸೇರಿ, ಅವು ಒಂದನ್ನೊಂದು ತಳ್ಳುತ್ತ ಪೈಪು ದೂರವಾದ ಮೇಲೂ ಅಗಲಿಯೇ ನಿಲ್ಲುತ್ತವೆ. ಬೆರಳು ತಾಗಿಸಿದರೆ ತಟ್ಟನೆ ಇಳಿಯುತ್ತವೆ. ಉಂಡೆಗೆ ಪ್ಲಗ್ಗಿನ ಅಥವಾ ಇನ್ವರ್ಟರಿನ ತಂತಿ ಸಿಕ್ಕಿಸುವ ಕಿತಾಪತಿ ಖಂಡಿತ ಬೇಡ.

ಆವೇಶ ಸೋರುವುದನ್ನು ನೋಡಬೇಕೇ? ಮೇಣದ ಮೇಲೆ ಒಮ್ಮೆ ಬಾಯಿಯ ಹಬೆ ಊದಿ, ಪಟ್ಟಿಗಳು ಬೇಗ ಇಳಿಯುತ್ತವೆಯೇ ಗಮನಿಸಿ. ಬಳಿಕ ಉಪ್ಪುನೀರಲ್ಲಿ ಅದ್ದಿದ ದಾರವನ್ನು ತಂತಿಗೆ ಸುತ್ತಿ ಇನ್ನೊಂದು ತುದಿ ನೆಲಕ್ಕೆ ಬಿಡಿ, ಪಟ್ಟಿಗಳು ಅಗಲುವುದೇ ಇಲ್ಲ.

ಅಯಸ್ಕಾಂತಕ್ಕೆ ಈ ಕಷ್ಟವಿಲ್ಲ. ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೂ ಅದು ಗುಂಡುಸೂಜಿ ಎತ್ತುತ್ತದೆ. ವಿದ್ಯುದಾವೇಶವನ್ನು ಹೊತ್ತೊಯ್ಯಲು ನೀರಿನಲ್ಲಿ ಅಯಾನುಗಳೆಂಬ ಆವೇಶಭರಿತ ಕಣಗಳಿವೆ. ಒಂಟಿ ಉತ್ತರ ಧ್ರುವವಾಗಲೀ ಒಂಟಿ ದಕ್ಷಿಣ ಧ್ರುವವಾಗಲೀ ಈವರೆಗೆ ಯಾರಿಗೂ ಸಿಕ್ಕಿಲ್ಲ, ಅಂದಮೇಲೆ ಸೋರಿಹೋಗಲು ಅಲ್ಲಿ ಏನೂ ಇಲ್ಲ. ಅಗಲಿದ ಪಟ್ಟಿಗಳ ಪಕ್ಕಕ್ಕೆ ಅಯಸ್ಕಾಂತ ತಂದಾಗ ಅವು ತುಸು ಅಲುಗಿದರೆ ಅದನ್ನು ಕಾಂತಬಲ ಎಂದುಕೊಳ್ಳಬೇಡಿ. ಅದೇ ಜಾಗದಲ್ಲಿ ಅಷ್ಟೇ ದಪ್ಪದ ಹಿತ್ತಾಳೆ ತುಂಡು ಹಿಡಿದರೂ ಹಾಗೆಯೇ ಅಲುಗುತ್ತವೆ.